ಜರ್ಮನ್‌ನಲ್ಲಿ ಸೋದರಮಾವನೂ 'ಓಂಕೆಲ್', ಚಿಕ್ಕಪ್ಪನೂ 'ಓಂಕೆಲ್': ಕಳೆದುಹೋದ ನಾಲ್ಕು ಪದಗಳ ಕಥೆ ಗೊತ್ತಾ?

ಇಂದಾಪುರ (ಪುಣೆ): ಅಪ್ಪನ ತಮ್ಮ ಕಾಕಾ. ಅಮ್ಮನ ಅಣ್ಣ ಮಾಮಾ. ಅಪ್ಪನ ತಂಗಿ ಆತ್ಯಾ. ಅಮ್ಮನ ತಂಗಿ ಮಾವಶಿ. ಪುಣೆ ಜಿಲ್ಲೆಯ ಇಂದಾಪುರ ತಾಲ್ಲೂಕಿನ ಮರಾಠಿ ಮನೆಗಳಲ್ಲಿ ಮಕ್ಕಳು ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ಕಲಿಯುವ ಪದಗಳಿವು. ಅದೇ ಮಕ್ಕಳು ಬೆಳೆದು ಜರ್ಮನ್ ಭಾಷೆಯ ತರಗತಿಗೆ ಸೇರಿದರೆ, ಈ ನಾಲ್ಕಕ್ಕೆ ಸಿಗುವುದು ಎರಡೇ ಪದ: 'ಓಂಕೆಲ್' ಮತ್ತು 'ಟಾಂಟೆ'.

ಜರ್ಮನ್ ಕಲಿಯುವವರ ಸಂಖ್ಯೆ ಈಗ ನಗರಗಳಿಗಷ್ಟೇ ಸೀಮಿತವಾಗಿಲ್ಲ. ನುರಿತ ಕೆಲಸಗಾರರನ್ನು ಜರ್ಮನಿಗೆ ಕಳುಹಿಸುವ ಸಂಬಂಧ ಮಹಾರಾಷ್ಟ್ರ ಸರ್ಕಾರ 2024ರಲ್ಲಿ ಅಲ್ಲಿನ ಬಾಡೆನ್-ವುರ್ಟೆಂಬರ್ಗ್ ರಾಜ್ಯದೊಂದಿಗೆ ಒಪ್ಪಂದ ಮಾಡಿಕೊಂಡಿದೆ. ಕರ್ನಾಟಕದಿಂದಲೂ ನರ್ಸಿಂಗ್, ಎಂಜಿನಿಯರಿಂಗ್, ಐಟಿ ಕೆಲಸಗಳಿಗೆ ಜರ್ಮನಿಗೆ ಹೋಗುವವರು ಬಹಳ. ಭಾಷಾ ಪಠ್ಯದ ಮೊದಲ ಪಾಠಗಳಲ್ಲೇ 'ನನ್ನ ಕುಟುಂಬ' ಬರುತ್ತದೆ. ನಮ್ಮವರು ಮೊದಲು ತಡವರಿಸುವುದೂ ಅಲ್ಲೇ.

ಹಾಗಾದರೆ ಜರ್ಮನ್ನರಿಗೆ ಸೋದರಮಾವ, ಚಿಕ್ಕಪ್ಪನ ವ್ಯತ್ಯಾಸವೇ ಗೊತ್ತಿಲ್ಲವೇ? ಗೊತ್ತಿತ್ತು. ಅದಕ್ಕೆ ಬೇರೆ ಬೇರೆ ಪದಗಳೂ ಇದ್ದವು. ಅವು ಹೇಗೆ ಮರೆಯಾದವು, ಈಗ ಸಂಬಂಧ ಹೇಳುವುದು ಹೇಗೆ, ಕಾಗದಪತ್ರದಲ್ಲಿ ಈ ಪದಗಳಿಗೆ ಎಷ್ಟು ಬೆಲೆ? ಇಲ್ಲಿದೆ ಪೂರ್ತಿ ಮಾಹಿತಿ.

ಇಂದಿನ ಜರ್ಮನ್‌ನಲ್ಲಿ ಸಂಬಂಧಗಳ ಪಟ್ಟಿ

ಮೊದಲು ಈಗ ದಿನಬಳಕೆಯಲ್ಲಿರುವ ಪದಗಳನ್ನು ನೋಡೋಣ.

- ಫಾಟರ್, ಮುಟ್ಟರ್: ಅಪ್ಪ, ಅಮ್ಮ
- ಬ್ರೂಡರ್, ಷ್ವೆಸ್ಟರ್: ಸಹೋದರ, ಸಹೋದರಿ. ಅಣ್ಣ-ತಮ್ಮ, ಅಕ್ಕ-ತಂಗಿ ಎಂಬ ಭೇದ ಇಲ್ಲ
- ಗೆಷ್ವಿಸ್ಟರ್: ಒಡಹುಟ್ಟಿದವರು
- ಗ್ರೋಸ್‌ಫಾಟರ್, ಗ್ರೋಸ್‌ಮುಟ್ಟರ್: ಅಜ್ಜ, ಅಜ್ಜಿ. ಮನೆಮಾತಿನಲ್ಲಿ ಓಪಾ, ಓಮಾ
- ಊರ್‌ಗ್ರೋಸ್‌ಫಾಟರ್: ಮುತ್ತಜ್ಜ. ಇನ್ನೊಂದು 'ಊರ್' ಸೇರಿಸಿದರೆ ಅವನ ಅಪ್ಪ
- ಓಂಕೆಲ್: ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ, ಅತ್ತೆಯ ಗಂಡ, ಚಿಕ್ಕಮ್ಮನ ಗಂಡ
- ಟಾಂಟೆ: ಸೋದರತ್ತೆ, ದೊಡ್ಡಮ್ಮ, ಚಿಕ್ಕಮ್ಮ, ಸೋದರಮಾವನ ಹೆಂಡತಿ
- ಕುಝೆಂ, ಕುಝೀನೆ: ಇವರೆಲ್ಲರ ಮಕ್ಕಳು (ಗಂಡು, ಹೆಣ್ಣು)
- ನೆಫೆ, ನಿಶ್ಟೆ: ಒಡಹುಟ್ಟಿದವರ ಮಗ, ಮಗಳು
- ಎಂಕೆಲ್, ಎಂಕೆಲಿನ್: ಮೊಮ್ಮಗ, ಮೊಮ್ಮಗಳು

ಓಂಕೆಲ್ ಮತ್ತು ಎಂಕೆಲ್ ನಡುವೆ ಒಂದೇ ಸ್ವರದ ವ್ಯತ್ಯಾಸ. ಬಾಯಿ ತಪ್ಪಿದರೆ ಚಿಕ್ಕಪ್ಪ ಮೊಮ್ಮಗನಾಗಿಬಿಡುತ್ತಾನೆ! 'ಎಂಕೆಲ್' ಪದದ ಹುಟ್ಟು ಕೂಡ ಸ್ವಾರಸ್ಯಕರ. ಹಳೆಯ ಜರ್ಮನ್‌ನಲ್ಲಿ ಅದರ ಮೂಲ ಅರ್ಥ 'ಪುಟ್ಟ ಅಜ್ಜ'. ಮೊಮ್ಮಗನಿಗೆ ಅಜ್ಜನ ಹೆಸರಿಡುವ ನಮ್ಮ ಮನೆಗಳಿಗೆ ಇದರ ತರ್ಕವನ್ನು ವಿವರಿಸಬೇಕಿಲ್ಲ.

ಅಜ್ಜ-ಅಜ್ಜಿಯ ವಿಷಯದಲ್ಲಂತೂ ಕನ್ನಡ, ಮರಾಠಿ, ಜರ್ಮನ್ ಮೂರೂ ಒಂದೇ. ಹಿಂದಿಯಲ್ಲಿ ಅಪ್ಪನ ಅಪ್ಪ ದಾದಾ, ಅಮ್ಮನ ಅಪ್ಪ ನಾನಾ. ಆದರೆ ಕನ್ನಡದ ಅಜ್ಜ, ಮರಾಠಿಯ ಆಜೋಬಾ, ಜರ್ಮನ್ನಿನ ಓಪಾ ಎರಡೂ ಕಡೆಯವರಿಗೆ ಸಲ್ಲುತ್ತವೆ.

ಹಿಂದೆ ನಾಲ್ಕು ಪದಗಳಿದ್ದವು

ಹಳೆಯ ಜರ್ಮನ್‌ನಲ್ಲಿ ಅಪ್ಪ-ಅಮ್ಮನ ಒಡಹುಟ್ಟಿದವರಿಗೆ ನಾಲ್ಕು ಪ್ರತ್ಯೇಕ ಪದಗಳಿದ್ದವು.

- ಫೆಟ್ಟರ್: ಅಪ್ಪನ ಸಹೋದರ
- ಬಾಸೆ: ಅಪ್ಪನ ಸಹೋದರಿ
- ಓಹೈಮ್: ಅಮ್ಮನ ಸಹೋದರ
- ಮೂಮೆ: ಅಮ್ಮನ ಸಹೋದರಿ

ಇಂದಾಪುರದ ಕಾಕಾ, ಆತ್ಯಾ, ಮಾಮಾ, ಮಾವಶಿಯನ್ನು ಇವುಗಳ ಪಕ್ಕದಲ್ಲಿಟ್ಟು ನೋಡಿ. ಒಂದಕ್ಕೊಂದು ಸರಿಹೊಂದುತ್ತವೆ. 'ಫೆಟ್ಟರ್' ಹುಟ್ಟಿದ್ದು 'ಫಾಟರ್' ಅಂದರೆ ಅಪ್ಪ ಎಂಬ ಪದದಿಂದ. ನಮ್ಮ ಚಿಕ್ಕಪ್ಪ, ದೊಡ್ಡಪ್ಪ ಪದಗಳಲ್ಲಿ 'ಅಪ್ಪ' ಕೂತಿರುವ ಹಾಗೆಯೇ.

ಅಮ್ಮನ ಸಹೋದರನಿಗೆ ಬೇರೆ ಪದ ಇತ್ತೆಂದರೆ ಆ ಸಂಬಂಧಕ್ಕೆ ಬೇರೆ ತೂಕವೂ ಇತ್ತು. ರೋಮನ್ ಇತಿಹಾಸಕಾರ ಟಾಸಿಟಸ್ ಕ್ರಿ.ಶ. 98ರ ಸುಮಾರಿಗೆ ಜರ್ಮಾನಿಕ್ ಬುಡಕಟ್ಟುಗಳ ಬಗ್ಗೆ ಬರೆದ 'ಜರ್ಮಾನಿಯಾ' ಕೃತಿಯಲ್ಲಿ ಇದನ್ನು ಗುರುತಿಸಿದ್ದಾನೆ. ಅಕ್ಕ-ತಂಗಿಯರ ಗಂಡುಮಕ್ಕಳಿಗೆ ಅಪ್ಪನ ಬಳಿ ಇರುವಷ್ಟೇ ಮರ್ಯಾದೆ ಸೋದರಮಾವನ ಬಳಿಯೂ ಇದೆ, ಕೆಲವರಂತೂ ಈ ಸಂಬಂಧವನ್ನೇ ಹೆಚ್ಚು ಪವಿತ್ರ ಎಂದು ಎಣಿಸುತ್ತಾರೆ ಎಂಬುದು ಅವನ ಮಾತಿನ ಸಾರ. ಸೋದರಮಾವನಿಂದ ಅಳಿಯನಿಗೆ ಆಸ್ತಿ ಹೋಗುತ್ತಿದ್ದ ತುಳುನಾಡಿನ ಅಳಿಯಸಂತಾನ ಕಟ್ಟು ಗೊತ್ತಿರುವವರಿಗೆ ಇದು ಅಚ್ಚರಿಯ ಮಾತಲ್ಲ.

ಫ್ರೆಂಚ್ ಗಾಳಿಗೆ ಹಾರಿದ ಪದಗಳು

17 ಮತ್ತು 18ನೇ ಶತಮಾನದಲ್ಲಿ ಜರ್ಮನ್ ಅರಮನೆಗಳಲ್ಲಿ, ಸಿರಿವಂತರ ಮನೆಗಳಲ್ಲಿ ಫ್ರೆಂಚ್ ಮಾತಾಡುವುದೇ ದೊಡ್ಡಸ್ತಿಕೆ. ಆ ಗಾಳಿಯಲ್ಲಿ ಬಂದಿದ್ದೇ 'ಓಂಕ್ಲ್' ಮತ್ತು 'ತಾಂತ್'. ಅವೇ ಜರ್ಮನ್ ಬಾಯಲ್ಲಿ ಓಂಕೆಲ್, ಟಾಂಟೆ ಆದವು. ಮೊದಲು ಮೇಲ್ವರ್ಗದ ಮನೆ, ಆಮೇಲೆ ಪೇಟೆ, ಕೊನೆಗೆ ಹಳ್ಳಿ.

ಹಳೆಯ ನಾಲ್ಕು ಪದಗಳ ಗತಿ ಏನಾಯಿತು? ಫೆಟ್ಟರ್ ಮತ್ತು ಬಾಸೆ ಒಂದು ತಲೆಮಾರು ಕೆಳಗಿಳಿದು ದಾಯಾದಿ ಸಹೋದರ, ಸಹೋದರಿಗೆ ಅಂಟಿಕೊಂಡವು. ಸಂಗೀತಗಾರ ಮೊಟ್ಸಾರ್ಟ್ ತನ್ನ ಚಿಕ್ಕಪ್ಪನ ಮಗಳಿಗೆ ಬರೆದ ಪತ್ರಗಳು ಇಂದಿಗೂ 'ಬೇಸ್ಲೆ ಪತ್ರಗಳು' ಎಂದೇ ಪ್ರಸಿದ್ಧ. ಬೇಸ್ಲೆ ಅಂದರೆ ಮುದ್ದಿನ 'ಬಾಸೆ'. ಆಮೇಲೆ ಅಲ್ಲಿಗೂ ಫ್ರೆಂಚ್ ಮೂಲದ ಕುಝೆಂ, ಕುಝೀನೆ ಬಂದವು. ಫೆಟ್ಟರ್ ಈಗಲೂ ಅಲ್ಲಲ್ಲಿ ಕೇಳುತ್ತದೆ, ಬಾಸೆ ಹಳೆಯದಾಗಿದೆ. ಓಹೈಮ್, ಮೂಮೆ ಹಳೆಯ ಕಥೆಪುಸ್ತಕಗಳಲ್ಲಿ ಉಳಿದಿವೆ. ಇನ್ನು ಸ್ವಜನಪಕ್ಷಪಾತಕ್ಕೆ ಜರ್ಮನ್ನರು ಇಂದಿಗೂ ಬಳಸುವ ಪದ 'ಫೆಟ್ಟರ್ನ್‌ವಿರ್ಟ್‌ಶಾಫ್ಟ್', ಅಂದರೆ 'ದಾಯಾದಿಗಳ ಕಾರುಬಾರು'!

ಮೂಲದಲ್ಲಿ ಓಂಕೆಲ್ ಅಂದರೆ ಸೋದರಮಾವನೇ

ಇಲ್ಲೊಂದು ತಮಾಷೆ ಇದೆ. ಫ್ರೆಂಚ್ 'ಓಂಕ್ಲ್' ಬಂದಿದ್ದು ಲ್ಯಾಟಿನ್ನಿನ 'ಅವುಂಕುಲುಸ್' ಎಂಬ ಪದದಿಂದ. ಲ್ಯಾಟಿನ್‌ನಲ್ಲಿ ಅದರ ಅರ್ಥ ಅಮ್ಮನ ಸಹೋದರ ಮಾತ್ರ. ಅಪ್ಪನ ಸಹೋದರನಿಗೆ 'ಪತ್ರುಉಸ್' ಎಂಬ ಬೇರೆ ಪದವಿತ್ತು. ಹಾಗೆಯೇ 'ತಾಂತ್' ಬಂದಿದ್ದು 'ಅಮಿತಾ' ಎಂಬುದರಿಂದ. ಅದರ ಅರ್ಥ ಅಪ್ಪನ ಸಹೋದರಿ ಮಾತ್ರ.

ಅಂದರೆ ಮೂಲದಲ್ಲಿ ಓಂಕೆಲ್ ಎಂದರೆ ಸೋದರಮಾವ, ಟಾಂಟೆ ಎಂದರೆ ಸೋದರತ್ತೆ. ಇಂಗ್ಲಿಷಿನ ಅಂಕಲ್, ಆಂಟಿಯ ಮೂಲವೂ ಇವೇ ಎರಡು ಲ್ಯಾಟಿನ್ ಪದಗಳು. ನಾವು ಬೀದಿಯಲ್ಲಿ ಸಿಕ್ಕವರನ್ನೆಲ್ಲ 'ಅಂಕಲ್' ಎಂದು ಕರೆಯುವಾಗ, ಪದದ ಬೇರು ಹಿಡಿದು ಹೋದರೆ ಕರೆಯುತ್ತಿರುವುದು 'ಮಾವ' ಎಂದೇ!

'ಕಝಿನ್' ಪದಕ್ಕೂ ಇಂಥದ್ದೇ ಹಿನ್ನೆಲೆ. ಅದರ ಲ್ಯಾಟಿನ್ ಮೂಲ 'ಕೊನ್ಸೊಬ್ರಿನುಸ್'. ಮೊದಲಿಗೆ ಅದು ಅಕ್ಕ-ತಂಗಿಯರ ಮಕ್ಕಳನ್ನು, ಅಂದರೆ ಅಮ್ಮನ ಸಹೋದರಿಯ ಮಕ್ಕಳನ್ನು ಸೂಚಿಸುತ್ತಿತ್ತು. ಕನ್ನಡದ ಲೆಕ್ಕದಲ್ಲಿ ಅವರು ಕಝಿನ್ ಅಲ್ಲವೇ ಅಲ್ಲ, ಅಣ್ಣ-ತಮ್ಮ, ಅಕ್ಕ-ತಂಗಿಯರು.

ಮರಾಠಿಯ 'ಸಾಸೂ' ಜರ್ಮನ್ನಿನ 'ಷ್ವೀಗರ್'ಗೆ ನೆಂಟಳು

ಮರಾಠಿ ಮತ್ತು ಜರ್ಮನ್ ಎರಡೂ ಇಂಡೋ-ಯುರೋಪಿಯನ್ ಭಾಷಾ ಕುಟುಂಬಕ್ಕೆ ಸೇರಿದವು. ಹಾಗಾಗಿ ಇಂದಾಪುರದ ಮನೆಮಾತಿನ ಕೆಲವು ಪದಗಳಿಗೆ ಜರ್ಮನ್‌ನಲ್ಲಿ ರಕ್ತಸಂಬಂಧಿಗಳೇ ಇದ್ದಾರೆ.

- ಅತ್ತೆಗೆ ಸಂಸ್ಕೃತದಲ್ಲಿ 'ಶ್ವಶ್ರೂ', ಮರಾಠಿಯಲ್ಲಿ 'ಸಾಸೂ', ಹಳೆಯ ಜರ್ಮನ್‌ನಲ್ಲಿ 'ಷ್ವೀಗರ್'
- ಸೊಸೆಗೆ ಸಂಸ್ಕೃತದಲ್ಲಿ 'ಸ್ನುಷಾ', ಮರಾಠಿಯಲ್ಲಿ 'ಸೂನ್', ಹಳೆಯ ಜರ್ಮನ್‌ನಲ್ಲಿ 'ಷ್ನೂರ್'
- ಸಂಸ್ಕೃತದ 'ನಪ್ತೃ' ಮರಾಠಿಯಲ್ಲಿ 'ನಾತೂ' (ಮೊಮ್ಮಗ) ಆದರೆ, ಅದೇ ಬೇರಿನ ಜರ್ಮನ್ ಪದ 'ನೆಫೆ' (ಒಡಹುಟ್ಟಿದವರ ಮಗ)

ಷ್ವೀಗರ್ ಎಂದರೇ ಅತ್ತೆ. ಕಾಲ ಕಳೆದಂತೆ ಆ ಅರ್ಥ ಮರೆತುಹೋಗಿ, ಜನ ಅದಕ್ಕೆ ಇನ್ನೊಂದು 'ಮುಟ್ಟರ್' ಸೇರಿಸಿದರು. ಇಂದಿನ 'ಷ್ವೀಗರ್‌ಮುಟ್ಟರ್' ಅಕ್ಷರಶಃ 'ಅತ್ತೆ-ಅಮ್ಮ'. ಅದೇ ಅಚ್ಚಿನಲ್ಲಿ ಮಾವ 'ಷ್ವೀಗರ್‌ಫಾಟರ್', ಅಳಿಯ 'ಷ್ವೀಗರ್‌ಜೋನ್', ಸೊಸೆ 'ಷ್ವೀಗರ್‌ಟೊಖ್ಟರ್' ಆದರು. 'ಷ್ನೂರ್' ಎಂಬ ಚುಟುಕು ಪದ ಮೂಲೆಗುಂಪಾಯಿತು.

ಎರಡು ಪದ್ಧತಿ ಕೂಡುವ ಸೀಮೆ

ಪದಗಳ ಮೂಲ ಉತ್ತರದ್ದಾದರೂ ಇಂದಾಪುರ ಸೀಮೆಯ ಸಂಬಂಧದ ಲೆಕ್ಕಾಚಾರದಲ್ಲಿ ದಕ್ಷಿಣದ ಪಾಲೂ ಇದೆ. ಈ ತಾಲ್ಲೂಕಿನ ನೀರಾ ನರಸಿಂಗಪುರದಲ್ಲಿ ನೀರಾ ನದಿ ಭೀಮೆಯನ್ನು ಸೇರುತ್ತದೆ. ಅಲ್ಲಿಂದ ಭೀಮೆ ಸೊಲ್ಲಾಪುರ ಜಿಲ್ಲೆ ದಾಟಿ ವಿಜಯಪುರ, ಕಲಬುರಗಿಯತ್ತ ಹರಿಯುತ್ತಾಳೆ. ಅಲ್ಲಿನ ಕನ್ನಡ ಮನೆಗಳಲ್ಲೂ ಕಾಕಾ, ಕಾಕು, ಮಾಮಾ ಪದಗಳು ಸಹಜ. ಮರಾಠಿಗರ ಬಾಯಲ್ಲಿ ಅಣ್ಣಾ, ಅಕ್ಕಾ ಕೂಡ ಅಷ್ಟೇ ಸಹಜ.

ಇದನ್ನು ಶಾಸ್ತ್ರೀಯವಾಗಿ ಅಧ್ಯಯನ ಮಾಡಿದವರು ಪುಣೆಯ ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ (1905-1970). ಬರ್ಲಿನ್‌ನಲ್ಲಿ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದು ಬಂದ ಅವರು, ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ದಶಕಗಳ ಕಾಲ ಕೆಲಸ ಮಾಡಿದರು. ಭಾರತದ ಬಂಧುತ್ವ ವ್ಯವಸ್ಥೆ ಕುರಿತ ಅವರ ಇಂಗ್ಲಿಷ್ ಗ್ರಂಥ 1953ರಲ್ಲಿ ಪ್ರಕಟವಾಯಿತು. ದೇಶವನ್ನು ಉತ್ತರ, ಮಧ್ಯ, ದಕ್ಷಿಣ, ಪೂರ್ವ ಎಂಬ ನಾಲ್ಕು ಬಂಧುತ್ವ ವಲಯಗಳಾಗಿ ವಿಂಗಡಿಸಿ, ಭಾರತೀಯ ಭಾಷೆಗಳ ಸಂಬಂಧವಾಚಕಗಳನ್ನು ಅದರಲ್ಲಿ ಕಲೆಹಾಕಿದ್ದಾರೆ. ಮಹಾರಾಷ್ಟ್ರ ಇರುವುದು ಮಧ್ಯ ವಲಯದಲ್ಲಿ.

ದಕ್ಷಿಣದ ಅನೇಕ ಸಮುದಾಯಗಳಲ್ಲಿ ಸೋದರಮಾವನ ಮಗಳು, ಸೋದರತ್ತೆಯ ಮಗಳು ಇಬ್ಬರನ್ನೂ ಮದುವೆಯಾಗಬಹುದು. ಅಕ್ಕನ ಮಗಳನ್ನು ಮದುವೆಯಾಗುವ ರೂಢಿಯೂ ಇದೆ. ಅದಕ್ಕೇ ಕನ್ನಡದಲ್ಲಿ ಅಮ್ಮನ ತಮ್ಮನೂ ಮಾವ, ಹೆಂಡತಿಯ ಅಪ್ಪನೂ ಮಾವ, ಅತ್ತೆಯ ಗಂಡನೂ ಮಾವ. ಉತ್ತರ ಭಾರತದ ಬಹುತೇಕ ಹಿಂದೂ ಸಮುದಾಯಗಳಲ್ಲಿ ಇಂಥ ಮದುವೆ ನಿಷಿದ್ಧ. ನಡುವಿನ ಮಹಾರಾಷ್ಟ್ರದಲ್ಲಿ ಮರಾಠಾ-ಕುಣಬಿ ಮುಂತಾದ ಸಮುದಾಯಗಳು ಮಾಮಾನ ಮಗಳನ್ನು ತರಲು ಒಪ್ಪುತ್ತವೆ, ಆತ್ಯಾಳ ಮಗಳನ್ನು ಒಪ್ಪುವುದಿಲ್ಲ. ಹಳೆಯ ಮರಾಠಿ ಮನೆಗಳಲ್ಲಿ ಸೊಸೆ ತನ್ನ ಮಾವನನ್ನು 'ಮಾಮಂಜಿ', ಅತ್ತೆಯನ್ನು 'ಆತ್ಯಾಬಾಯಿ' ಎಂದು ಕರೆಯುವುದರಲ್ಲಿ ಈ ದಕ್ಷಿಣದ ಗುರುತು ಕಾಣುತ್ತದೆ.

ಯಾರನ್ನು ಮದುವೆಯಾಗಬಹುದು, ಯಾರು ಒಡಹುಟ್ಟಿದವರಿಗೆ ಸಮ ಎಂಬುದನ್ನು ನಮ್ಮ ಪದಗಳೇ ಹೇಳಿಬಿಡುತ್ತವೆ. ಜರ್ಮನ್ ಪದಗಳಿಗೆ ಆ ಕೆಲಸ ಇಲ್ಲ. ಅಲ್ಲಿ ಅದನ್ನು ಹೇಳುವುದು ಕಾನೂನು ಪುಸ್ತಕ.

ಭಾವ, ಮೈದುನ, ನಾದಿನಿ: ಎಲ್ಲರಿಗೂ ಎರಡೇ ಪದ

ಮದುವೆಯಿಂದ ಬರುವ ನೆಂಟರ ವಿಷಯದಲ್ಲಿ ವ್ಯತ್ಯಾಸ ಇನ್ನೂ ದೊಡ್ಡದು.

- ಷ್ವಾಗರ್: ಭಾವ, ಮೈದುನ, ಭಾವಮೈದುನ
- ಷ್ವೇಗರಿನ್: ಅತ್ತಿಗೆ, ನಾದಿನಿ, ತಮ್ಮನ ಹೆಂಡತಿ
- ಷ್ವಿಪ್‌ಷ್ವಾಗರ್: ಸಂಗಾತಿಯ ಒಡಹುಟ್ಟಿದವರ ಗಂಡ. ಷಡ್ಡಕ (ಮರಾಠಿಯ ಸಾಡೂ) ಇಲ್ಲಿ ಬರುತ್ತಾನೆ
- ಷ್ವಿಪ್‌ಷ್ವೇಗರಿನ್: ಸಂಗಾತಿಯ ಒಡಹುಟ್ಟಿದವರ ಹೆಂಡತಿ. ಓರಗಿತ್ತಿ (ಮರಾಠಿಯ ಜಾವೂ) ಇಲ್ಲಿ ಬರುತ್ತಾಳೆ

'ಬೀಗರು' ಎಂಬುದಕ್ಕೆ ಮಾತ್ರ ಜರ್ಮನ್ ದಿನಬಳಕೆಯಲ್ಲಿ ಒಂದು ಪದ ಸಿಗುವುದಿಲ್ಲ. 'ನನ್ನ ಮಗಳ ಅತ್ತೆ-ಮಾವ' ಎಂದೇ ಬಿಡಿಸಿ ಹೇಳಬೇಕು.

ಕನ್ನಡಿಗರಿಗೆ ಪರಿಚಿತರಾದ ಜರ್ಮನ್ ವಿದ್ವಾಂಸರೊಬ್ಬರ ಉದಾಹರಣೆ ನೋಡಿ. ಮಂಗಳೂರಿನಲ್ಲಿ 1894ರಲ್ಲಿ ಪ್ರಕಟವಾದ ಕನ್ನಡ-ಇಂಗ್ಲಿಷ್ ನಿಘಂಟಿನ ಕರ್ತೃ ಫರ್ಡಿನಾಂಡ್ ಕಿಟೆಲ್ ಅವರು ಮೊದಲ ಪತ್ನಿ ಪಾಲಿನ್ ತೀರಿಕೊಂಡ ಮೇಲೆ ಆಕೆಯ ತಂಗಿ ಜೂಲಿಯನ್ನು ಮದುವೆಯಾದರು. ಕನ್ನಡದಲ್ಲಿ 'ನಾದಿನಿಯನ್ನು ಮದುವೆಯಾದರು' ಎಂದರೆ ಮುಗಿಯಿತು. ಜರ್ಮನ್‌ನಲ್ಲಿ 'ಷ್ವೇಗರಿನ್' ಎಂದರೆ ಹೆಂಡತಿಯ ತಂಗಿಯೋ, ಅಣ್ಣನ ಹೆಂಡತಿಯೋ ಎಂಬ ಪ್ರಶ್ನೆ ಉಳಿಯುತ್ತದೆ.

ಕಾಗದದಲ್ಲಿ ಸಂಬಂಧಕ್ಕೆ ಎಷ್ಟು ಬೆಲೆ?

ಜರ್ಮನಿಯಲ್ಲಿ ನೆಲೆಸುವವರು ಮುಖ್ಯವಾಗಿ ಗಮನಿಸಬೇಕಾದ್ದು ಇದು. 1900ರಿಂದ ಜಾರಿಯಲ್ಲಿರುವ ಜರ್ಮನ್ ನಾಗರಿಕ ಸಂಹಿತೆ ಸಂಬಂಧವನ್ನು ಹೆಸರಿನಿಂದ ಅಲ್ಲ, ನಡುವಿನ ಜನನಗಳ ಸಂಖ್ಯೆಯಿಂದ ಅಳೆಯುತ್ತದೆ. ಅಪ್ಪ-ಮಗ ಮೊದಲ ದರ್ಜೆ. ಅಜ್ಜ-ಮೊಮ್ಮಗ ಎರಡನೆಯದು, ಒಡಹುಟ್ಟಿದವರೂ ಎರಡನೆಯದು. ಚಿಕ್ಕಪ್ಪ, ಸೋದರಮಾವ ಮೂರನೆಯದು. ಅವರ ಮಕ್ಕಳು ನಾಲ್ಕನೆಯದು. ಮದುವೆಯಿಂದ ಬಂದ ನೆಂಟಸ್ತಿಕೆಗೆ ಬೇರೆ ಕಲಂ ಇದೆ. ಅದರ ಪ್ರಕಾರ ವಿಚ್ಛೇದನವಾದರೂ ಅತ್ತೆ-ಮಾವನ ಜೊತೆಗಿನ ನೆಂಟಸ್ತಿಕೆ ಕಾನೂನಿನಲ್ಲಿ ಮುಗಿಯುವುದಿಲ್ಲ!

ಈ ಲೆಕ್ಕ ಬದುಕಿಗೆ ತಟ್ಟುವ ಕೆಲವು ಸಂದರ್ಭಗಳು ಇಲ್ಲಿವೆ.

ಸಾವಿನ ರಜೆ: ಜರ್ಮನಿಯ ಸಾರ್ವಜನಿಕ ಸೇವೆಯ ಸಾಮೂಹಿಕ ವೇತನ ಒಪ್ಪಂದದಲ್ಲಿ ಸಂಗಾತಿ, ಮಗು ಅಥವಾ ತಂದೆ-ತಾಯಿ ತೀರಿಕೊಂಡರೆ 2 ಕೆಲಸದ ದಿನಗಳ ವೇತನಸಹಿತ ರಜೆ ಇದೆ. ಆ ಪಟ್ಟಿಯಲ್ಲಿ ಓಂಕೆಲ್ ಇಲ್ಲ. ಸಾಕಿ ಬೆಳೆಸಿದ ದೊಡ್ಡಪ್ಪ ತೀರಿಕೊಂಡರೂ ಕಾಗದದಲ್ಲಿ ಅವನು ಓಂಕೆಲ್ ಅಷ್ಟೇ. ಅಂಥ ಹೊತ್ತಿನಲ್ಲಿ 'ಅವರೇ ನನ್ನನ್ನು ಬೆಳೆಸಿದ್ದು' ಎಂದು ಮೇಲಧಿಕಾರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಬೇರೆ ರಜೆ ಕೇಳಲು ಆ ಒಂದು ವಾಕ್ಯ ಬೇಕು.

ಕುಟುಂಬ ವೀಸಾ: ಸಂಗಾತಿ ಮತ್ತು ಅಪ್ರಾಪ್ತ ಮಕ್ಕಳನ್ನು ಕರೆಸಿಕೊಳ್ಳಲು ಅವಕಾಶವಿದೆ. 2024ರ ಮಾರ್ಚ್ 1ರಿಂದ ಈಚೆಗೆ ನುರಿತ ಕೆಲಸಗಾರರಾಗಿ ವಾಸದ ಪರವಾನಗಿ ಪಡೆದವರು, ಖರ್ಚುವೆಚ್ಚ ಮತ್ತು ಆರೋಗ್ಯ ವಿಮೆಯ ಷರತ್ತು ಪೂರೈಸಿದರೆ, ತಂದೆ-ತಾಯಿಯನ್ನೂ ಸಂಗಾತಿಯ ತಂದೆ-ತಾಯಿಯನ್ನೂ ಕರೆಸಿಕೊಳ್ಳಬಹುದು. ಓಂಕೆಲ್, ಟಾಂಟೆ ಸಾಮಾನ್ಯವಾಗಿ ಪ್ರವಾಸಿ ವೀಸಾದ ಮೇಲೆ ಮಾತ್ರ ಬರಲು ಸಾಧ್ಯ.

ಅರ್ಜಿ ತುಂಬುವಾಗ: ಚಿಕ್ಕಪ್ಪನ ಮಗನನ್ನು ನಾವು 'ಅಣ್ಣ' ಎನ್ನುತ್ತೇವೆ. ಅದನ್ನೇ ಅರ್ಜಿಯಲ್ಲಿ 'ಬ್ರೂಡರ್' ಎಂದು ಬರೆದರೆ, ಇಬ್ಬರ ದಾಖಲೆಗಳಲ್ಲಿ ಅಪ್ಪ-ಅಮ್ಮನ ಹೆಸರು ಬೇರೆ ಬೇರೆ ಇರುತ್ತದೆ. ಮನಸ್ಸಿನಲ್ಲಿ ಸುಳ್ಳಿಲ್ಲದಿದ್ದರೂ ಕಾಗದದಲ್ಲಿ ಅದು ತಪ್ಪು ಮಾಹಿತಿ. ಅಲ್ಲಿ 'ಕುಝೆಂ' ಎಂದೇ ಬರೆಯಬೇಕು.

ಉತ್ತರಾಧಿಕಾರ ತೆರಿಗೆ: ಜರ್ಮನಿಯಲ್ಲಿ ಆಸ್ತಿ ಪಡೆಯುವ ಮಗ ಅಥವಾ ಮಗಳಿಗೆ 4 ಲಕ್ಷ ಯೂರೊವರೆಗೆ ತೆರಿಗೆ ವಿನಾಯಿತಿ ಇದ್ದರೆ, ನೆಫೆ ಅಥವಾ ನಿಶ್ಟೆಗೆ ಇರುವುದು 20 ಸಾವಿರ ಯೂರೊ ಮಾತ್ರ. ಕನ್ನಡದಲ್ಲಿ ಗಂಡಸಿಗೆ ಅಣ್ಣ-ತಮ್ಮನ ಮಗ ಕೂಡ 'ಮಗ'ನೇ. ಅಲ್ಲಿನ ತೆರಿಗೆ ಇಲಾಖೆಗೆ ಅವನು ನೆಫೆ.

ಜರ್ಮನ್‌ನಲ್ಲಿ ಸ್ಪಷ್ಟವಾಗಿ ಹೇಳುವುದು ಹೇಗೆ?

ಪದ ಇಲ್ಲವೆಂದ ಮಾತ್ರಕ್ಕೆ ಸಂಬಂಧ ಹೇಳಲು ದಾರಿಯೇ ಇಲ್ಲ ಎಂದಲ್ಲ. ಕಲಿಯುವವರಿಗೆ ಕೆಲವು ಸುಲಭ ಸೂತ್ರಗಳು ಇಲ್ಲಿವೆ.

1. ಕಡೆ ಹೇಳಿ: ಅಪ್ಪನ ಕಡೆಯವರಾದರೆ 'ಫೇಟರ್ಲಿಶರ್‌ಜೈಟ್ಸ್', ಅಮ್ಮನ ಕಡೆಯವರಾದರೆ 'ಮ್ಯುಟರ್ಲಿಶರ್‌ಜೈಟ್ಸ್' ಎಂದು ಓಂಕೆಲ್ ಅಥವಾ ಟಾಂಟೆಯ ನಂತರ ಸೇರಿಸಿ.

2. ಬಿಡಿಸಿ ಹೇಳಿ: ಮಾತಿನಲ್ಲಿ ಇದಕ್ಕಿಂತ ಸುಲಭ 'ನನ್ನ ಅಮ್ಮನ ಸಹೋದರ' ಎನ್ನುವುದು. ಜರ್ಮನ್‌ನಲ್ಲಿ 'ಡೆರ್ ಬ್ರೂಡರ್ ಮೈನರ್ ಮುಟ್ಟರ್'. ಅಪ್ಪನ ಸಹೋದರನಾದರೆ 'ಡೆರ್ ಬ್ರೂಡರ್ ಮೈನೆಸ್ ಫಾಟರ್ಸ್'.

3. ಹಿರಿಯ-ಕಿರಿಯ: ಅಣ್ಣನಿಗೆ 'ಗ್ರೋಸರ್ ಬ್ರೂಡರ್' (ದೊಡ್ಡ ಸಹೋದರ), ತಮ್ಮನಿಗೆ 'ಕ್ಲೈನರ್ ಬ್ರೂಡರ್' (ಚಿಕ್ಕ ಸಹೋದರ).

4. 'ಕಝಿನ್ ಬ್ರದರ್' ಬೇಡ: ಕುಝೆಂ ಎಂದರೇ ಗಂಡು, ಕುಝೀನೆ ಎಂದರೇ ಹೆಣ್ಣು. ಮುಂದೆ ಬ್ರೂಡರ್, ಷ್ವೆಸ್ಟರ್ ಸೇರಿಸಬೇಕಿಲ್ಲ.

5. ಹೆಸರು ಸೇರಿಸಿ: ಮನೆಯಲ್ಲಿ ಜರ್ಮನ್ನರು ಓಂಕೆಲ್, ಟಾಂಟೆ ಜೊತೆ ಹೆಸರು ಸೇರಿಸಿ ಕರೆಯುವುದು ರೂಢಿ. ಆದರೆ ಅಂಗಡಿಯವರನ್ನೋ ಬಸ್ಸಿನಲ್ಲಿ ಸಿಕ್ಕ ಅಪರಿಚಿತರನ್ನೋ ಹಾಗೆ ಕರೆಯಬೇಡಿ. ಅವರಿಗೆ 'ಹೆರ್' (ಶ್ರೀ), 'ಫ್ರೌ' (ಶ್ರೀಮತಿ) ಜೊತೆ ಮನೆತನದ ಹೆಸರು ಸಾಕು. ಹೆಸರು ಗೊತ್ತಿಲ್ಲದಿದ್ದರೆ ಗೌರವದ 'ಜೀ' (ತಾವು).

ಕನ್ನಡದ ಸರದಿಯೇ?

ಜರ್ಮನ್‌ನಲ್ಲಿ ನಾಲ್ಕು ಪದಗಳನ್ನು ಯಾರೂ ನಿಷೇಧಿಸಲಿಲ್ಲ. ಹೊರಗಿನಿಂದ ಬಂದ ಎರಡು ಪದಗಳು ಹೆಚ್ಚು ನಾಜೂಕು ಎನಿಸಿದವು, ಮಕ್ಕಳು ಅವನ್ನೇ ಕಲಿತರು, ಕೆಲವು ತಲೆಮಾರುಗಳಲ್ಲಿ ಉಳಿದವು ನಿಘಂಟು ಸೇರಿದವು. ಅಂಕಲ್, ಆಂಟಿ, ಕಝಿನ್ ಈಗ ಬೆಂಗಳೂರಿನಲ್ಲೂ ಪುಣೆಯಲ್ಲೂ ಅದೇ ದಾರಿಯಲ್ಲಿವೆ. ಮೊದಲು ಅಪರಿಚಿತರಿಗೆ, ಆಮೇಲೆ ಪಕ್ಕದ ಮನೆಯವರಿಗೆ, ಈಗೀಗ ಅಪ್ಪನ ತಮ್ಮನಿಗೂ.

ಇದಕ್ಕೆ ಇನ್ನೊಂದು ಕಾರಣವೂ ಇದೆ. ಒಂದೇ ಮಗು ಇರುವ ಮನೆಗಳು ಹೆಚ್ಚಿದಂತೆ ಮುಂದಿನ ತಲೆಮಾರಿಗೆ ಚಿಕ್ಕಪ್ಪ, ಸೋದರತ್ತೆ, ಓರಗಿತ್ತಿ ಎಂಬ ನೆಂಟರೇ ಇರುವುದಿಲ್ಲ. ಕರೆಯಲು ಜನ ಇಲ್ಲದಿದ್ದರೆ ಪದ ಉಳಿಯುವುದು ಕಷ್ಟ.

ಜರ್ಮನಿಯಲ್ಲಿ ಹುಟ್ಟಿ ಬೆಳೆಯುವ ಕನ್ನಡ ಮಕ್ಕಳಿಗೆ ಶಾಲೆಯಲ್ಲಿ ಸಿಗುವುದು ಓಂಕೆಲ್ ಒಂದೇ. ಊರಿಂದ ವಿಡಿಯೊ ಕರೆ ಮಾಡುವ ಅಮ್ಮನ ತಮ್ಮನನ್ನು ಆ ಮಗು 'ಮಾವ' ಎಂದು ಕರೆಯಬೇಕೆಂದರೆ, ಅದನ್ನು ಕಲಿಸಲು ಇರುವ ಜಾಗ ಮನೆಯೊಂದೇ. ಓಂಕೆಲ್ ಅರ್ಜಿ ತುಂಬಲು ಇರಲಿ. ಫೋನಿನಲ್ಲಿ ಮಾವನನ್ನು ಮಾವ ಎಂದೇ ಕರೆಯಲಿ.